ಉಗ್ಗು ಮಾಸ್ತರನ ಸಾಯನ್ಸು

ನಮ್ಮ ಮನೆಯಲ್ಲಿ ಈಗೀಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದರೆ ಉತ್ತರದ ಬದಲು ಇನ್ನೊಂದು ಪ್ರಶ್ನೆ ಬರುತ್ತದೆಂದು ಎಲ್ಲರಿಗೂ ಗೊತ್ತಾಗಿ ಹೋಗಿದೆ. ಮೊನ್ನೆ ಮುಂಜಾನೆ ಸೊಸೆ ಹಾಲಿನ ಪಾತ್ರೆ ಹಿಡಿದುಕೊಂಡು ಪಡಸಾಲೆಗೆ ಬಂದಳು.

"ಮಾವಾರ, ಹಾಲ ಯಾಕ ಒಡದಾವ್ರಿ?"

ನಾನು ಕನ್ನಡಕ ಏರಿಸಿಕೊಂಡು ಪಾತ್ರೆಯೊಳಗೆ ಇಣುಕಿದೆ. "ನೀ ಏನೇನ ನೋಡಿದಿ, ಮೊದ್ಲ ಅದನ್ನ ಹೇಳವಾ."

"ಅಯ್ಯ, ಹಾಲ ಒಡದದ್ದಕ್ಕೂ ಪರೀಕ್ಷಾ ಕೊಡಬೇಕೇನ್ರಿ?" ಎಂದು ಅವಳು ಒಳಗೆ ಹೋದಳು. ಅಂದು ನನ್ನ ಚಹಾ ಬಹಳ ತಡವಾಗಿ ಬಂತು.

ಹೋದ ವಾರ ಸಾಲಹಳ್ಳಿ ಕಡೆಯ ತರುಣನೊಬ್ಬ ಬಂದಿದ್ದ. ರಾಮದುರ್ಗದ ಹೈಸ್ಕೂಲಿನಲ್ಲಿ ಅವನಿಗೆ ಸಾಯನ್ಸ್ ಕಲಿಸುವ ಕೆಲಸ ಸಿಕ್ಕಿದೆಯಂತೆ. ನಾನು ಬೈಲಹೊಂಗಲದಲ್ಲಿ ಅದೇ ಕೆಲಸ ಮಾಡಿ ನಿವೃತ್ತನಾದವನೆಂದು ಯಾರೋ ಹೇಳಿ ಕಳಿಸಿದ್ದರು. "ಅಜ್ಜಾರ, ಚಲೋ ಸಾಯನ್ಸ ಮಾಸ್ತರ ಆಗಾಕ ಏನೇನ ಬರಬೇಕ್ರಿ?" ಎಂದು ಕೇಳಿದ. ದೂರದಿಂದ ಬಂದವನಿಗೆ ಮರುಪ್ರಶ್ನೆ ಹಾಕುವುದು ಸರಿಯಲ್ಲವೆಂದು ನಾನು ಗಂಭೀರವಾಗಿ ಉತ್ತರವನ್ನೇ ಕೊಟ್ಟೆ: ವಿಷಯ ಗಟ್ಟಿ ಇರಬೇಕು, ಬೋರ್ಡಿನ ಮೇಲೆ ಚಿತ್ರ ಬಿಡಿಸಲು ಬರಬೇಕು, ಪ್ರಯೋಗವನ್ನು ಹಿಂದಿನ ದಿನವೇ ಮಾಡಿ ನೋಡಿರಬೇಕು, ದನಿ ಕೊನೆಯ ಬಾಕಿನಲ್ಲಿ ಕುಳಿತ ಹುಡುಗನವರೆಗೆ ಮುಟ್ಟಬೇಕು. ಅವನು ಸಂತೋಷದಿಂದ ನಮಸ್ಕಾರ ಮಾಡಿ ಹೋದ. ಅವನು ಓಣಿ ತಿರುಗುವಷ್ಟರಲ್ಲಿ ನನಗೆ ನಗು ಬಂತು. ಇದೇ ಮಾತನ್ನು ಯಾರಾದರೂ ಅಂದು ನನಗೆ ಹೇಳಿದ್ದರೆ ನಾನು ಸಾಲೆಯ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಯಾಕೆಂದರೆ ನಾನು ಉಗ್ಗ.

ಈಗ ವಯಸ್ಸಾದಂತೆ ನನ್ನ ಉಗ್ಗೂ ದಣಿದಿದೆ. ಆಗೊಮ್ಮೆ ಈಗೊಮ್ಮೆ ಬಂದು ಮಾತಾಡಿಸಿ ಹೋಗುತ್ತದೆ, ಹಳೆಯ ನೆಂಟನಂತೆ. ಆದರೆ ಚಿಕ್ಕಂದಿನಲ್ಲಿ ಅದು ಮನೆಯ ಯಜಮಾನನೇ ಆಗಿತ್ತು.

ನನ್ನ ಹುಟ್ಟೂರು ಸಂಗೊಳ್ಳಿ. ಮನೆತನದ್ದು ಒಕ್ಕಲುತನ. ನನಗೆ ಅಜ್ಜನ ಹೆಸರನ್ನೇ ಇಟ್ಟರು: ಪರಪ್ಪ. ಮೂರಕ್ಷರದ ಹೆಸರಿನಲ್ಲಿ ಎಷ್ಟೊಂದು 'ಪ' ನೋಡಿರಿ! ನನ್ನ ನಾಲಿಗೆಯ ಮೇಲೆ ಹಗೆ ಇದ್ದವರು ಹುಡುಕಿ ಇಟ್ಟ ಹಾಗಿತ್ತು. ಪ, ಬ, ಕ, ಗ ಎಂಬ ಅಕ್ಷರಗಳು ನನ್ನ ಬಾಯಿಗೆ ಅಗಳಿ ಹಾಕಿಬಿಡುತ್ತಿದ್ದವು. ಸ, ಶ, ಹ ಮಾತ್ರ ಸಲೀಸು. ಅವ್ವ ಅಂಗಡಿಯಿಂದ ಬೆಲ್ಲ ತಾ ಎಂದು ಕಳಿಸಿದರೆ, ಅಂಗಡಿಕಾರನ ಮುಂದೆ ನಿಂತು 'ಬ, ಬ' ಎಂದು ಬೆವೆತು, ಕೊನೆಗೆ ನಾಲಿಗೆಗೆ ಸುಲಭವಾದದ್ದನ್ನು ಕೇಳಿ ತರುತ್ತಿದ್ದೆ. ಕೊಬ್ಬರಿಗೆ ಹೋದರೂ ಶೇಂಗಾ, ಬೆಲ್ಲಕ್ಕೆ ಹೋದರೂ ಶೇಂಗಾ. ಇಡೀ ಸಂಗೊಳ್ಳಿಯಲ್ಲಿ ರೊಟ್ಟಿಗೆ ನಮ್ಮಷ್ಟು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ ಮನೆ ಇರಲಿಕ್ಕಿಲ್ಲ.

ಅವ್ವ ನನ್ನನ್ನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಹರಕೆ ಹೊತ್ತಳು. ಗುಡ್ಡದ ಕೆಳಗಿನ ಉಗರಗೋಳದಲ್ಲಿ ಚಿಗವ್ವನ ಮನೆಯಿತ್ತು. ಅಲ್ಲಿಗೆ ಬಂದುಹೋಗುವ ಯಾತ್ರಿಕರೆಲ್ಲ ನನ್ನ ನಾಲಿಗೆಯ ವೈದ್ಯರಾದರು. ಕೊನೆಗೆ ಚಿಗವ್ವ ಬಜಿ ಬೇರನ್ನು ತೇಯ್ದು ನಾಲಿಗೆಗೆ ಹಚ್ಚತೊಡಗಿದಳು. ಅದರ ಉರಿಗೆ ಉಗ್ಗುವುದಿರಲಿ, ಅಳುವುದಕ್ಕೂ ಬಾಯಿ ತೆರೆಯಲಾಗುತ್ತಿರಲಿಲ್ಲ. "ನೋಡ, ಸುಮ್ಮನಾದ! ಗುಣಾ ಬಂತು" ಎಂದು ಚಿಗವ್ವ ಹಿಗ್ಗುತ್ತಿದ್ದಳು.

ಇಂಥವನು ಮಾಸ್ತರನಾಗಬೇಕೆಂದು ಆಸೆಪಟ್ಟದ್ದು ಹೇಗೆ? ಬೆಳಗಾವಿಯ ಇಂಗ್ಲಿಷ್ ಸಾಲೆಯಲ್ಲಿ ಓದುವಾಗ ನಮ್ಮ ಮಾಸ್ತರರು ಒಂದು ದಿನ ಸೂಜಿಗಲ್ಲು ತಂದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕಬ್ಬಿಣದ ಅರದ ಪುಡಿ. ಕಲ್ಲು ಸಮೀಪ ಬಂದದ್ದೇ ತಡ, ಪುಡಿಯೆಲ್ಲ ಎದ್ದು ನಿಂತು ಅದಕ್ಕೆ ಮುತ್ತಿಕೊಂಡಿತು. ನಾನು ಬೆರಗಾಗಿ ನೋಡಿದೆ. ಬಾ ಎಂದು ಕರೆಯದೆಯೇ ಬರುವಂಥದ್ದೊಂದು ಲೋಕದಲ್ಲಿದೆ, ಒಂದಕ್ಷರ ಆಡದೆಯೂ ಕೆಲಸವಾಗುವ ಜಾಗವೊಂದಿದೆ! ನನ್ನ ಜಾಗ ಅದೇ ಎಂದು ಅಂದೇ ಗೊತ್ತುಮಾಡಿದೆ. ಆಮೇಲೆ ಪುಣೆಗೆ ಹೋಗಿ ಪದಾರ್ಥವಿಜ್ಞಾನ, ರಸಾಯನ ಓದಿದೆ. ನನ್ನ ಕೈ ಚೆನ್ನಾಗಿತ್ತು. ದೀಪದ ಉರಿಗೆ ಗಾಜಿನ ನಳಿಕೆ ಹಿಡಿದು ಬಳೆಯಂತೆ ಬಗ್ಗಿಸುತ್ತಿದ್ದೆ. ತಕ್ಕಡಿಯ ಮುಳ್ಳು ನನ್ನ ಉಸಿರಿಗೂ ಅಲುಗದಂತೆ ತೂಗುತ್ತಿದ್ದೆ. ಮಾಸ್ತರಿಕೆಯ ತರಬೇತಿಯಲ್ಲಿ ಮಾತ್ರ ನನ್ನ ಪಾಠ ನೋಡಿದ ಹಿರಿಯರೊಬ್ಬರು ಬೆನ್ನು ತಟ್ಟಿ, ಕಚೇರಿಯಲ್ಲಿ ಕಾರಕೂನನಾದರೆ ನೆಮ್ಮದಿಯಿಂದ ಇರುತ್ತೀ ಎಂದು ಉಪದೇಶ ಮಾಡಿದರು. ಅವರದೇನೂ ತಪ್ಪಿಲ್ಲ. ಆ ದಿನದ ಪಾಠದಲ್ಲಿ ನಾನು ಆಡಿ ಮುಗಿಸಿದ್ದು ಒಂದೂವರೆ ವಾಕ್ಯ.

ಆಗ ಬೈಲಹೊಂಗಲದಲ್ಲಿ ಊರವರೇ ಸೇರಿ ಒಂದು ಇಂಗ್ಲಿಷ್ ಸಾಲೆ ನಡೆಸುತ್ತಿದ್ದರು. ಅದರ ಹೆಡ್ ಮಾಸ್ತರರು ವಾಮನರಾಯರು. ಎತ್ತರದ ಆಳು, ಕೆಂಪು ರುಮಾಲು, ಮುಖದಲ್ಲಿ ಸದಾ ಚಿಂತೆ. ಸಾಯನ್ಸ್ ಕಲಿಸಲು ಅಷ್ಟು ದೂರ ಯಾರೂ ಬರಲೊಲ್ಲರು. ಆದ್ದರಿಂದ ನಾನು ಸಿಕ್ಕೆ.

"ಪರಪ್ಪನವರ, ನಿಮ್ಮ ತೊಂದರಿ ನನಗ ತಿಳಿದದ" ಎಂದು ಅವರು ಮೊದಲೇ ಹೇಳಿದರು. "ಸದ್ಯಕ್ಕ ನಿಮ್ಮನ್ನ ತೊಗೋತೀವಿ. ವರ್ಷದ ನಡುವ ಸಾಲಿ ತಪಾಸಣಿಗೆ ಇನಸ್ಪೆಕ್ಟರ ಸಾಹೇಬ್ರು ಬರ್ತಾರ. ಅವರು ಹೂಂ ಅಂದ್ರ ಕೆಲಸ ಕಾಯಂ. ಇಲ್ಲಂದ್ರ ಸಾಯನ್ಸ್ ಕ್ಲಾಸು ಮುಚ್ಚಿಹೋಗ್ತದ. ನೀವೂ ಹೋಗ್ತೀರಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಪ್ರಯೋಗದ ಸಾಮಾನು ಮುಂಬಯಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಬಂತು. ಅಲ್ಲಿಂದ ಚಕ್ಕಡಿಯಲ್ಲಿ ತರಲು ನಾನೇ ಹೋದೆ. ಹುಲ್ಲಿನಲ್ಲಿ ಸುತ್ತಿಟ್ಟ ಗಾಜಿನ ಸಾಮಾನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿನಲ್ಲೂ ಪ್ರಾಣ ಕೈಯಲ್ಲಿ ಹಿಡಿದು ಕುಳಿತಿದ್ದೆ. ಕಿತ್ತೂರಲ್ಲಿ ಎತ್ತಿಗೆ ನೀರು ಕುಡಿಸಲು ನಿಂತಾಗ ಜನ ಸುತ್ತುಗಟ್ಟಿದರು. ಪೆಟ್ಟಿಗೆಯಲ್ಲಿ ಏನಿದೆ ಎಂದು ಎಲ್ಲರದೂ ಒಂದೇ ಪ್ರಶ್ನೆ. ನಾನು 'ಪ್ರಯೋಗ' ಎಂಬ ಶಬ್ದಕ್ಕೆ ತುಟಿ ಮುಚ್ಚಿದವನು ತೆರೆಯುವುದರೊಳಗೆ ಚಕ್ಕಡಿ ಹೊಡೆಯುವ ಮೈಲಾರಪ್ಪ ಉತ್ತರ ಕೊಟ್ಟಾಗಿತ್ತು.

"ಖಾಲಿ ಸೀಸೆ ಅದಾವ್ರೀ. ಆದ್ರ ಬರೇ ಖಾಲಿ ಅಲ್ಲ, ಮುಂಬೈ ಗಾಳಿ ತುಂಬಿ ಕಳಸ್ಯಾರ. ಈ ಮಾಸ್ತರು ಅದನ್ನ ಹುಡುಗರಿಗೆ ಒಂದೀಟ ಒಂದೀಟ ಹಂಚತಾರ."

ಜನ ಗೌರವದಿಂದ ಹಿಂದೆ ಸರಿದರು. ನನಗೂ ಆ ವಿವರಣೆ ಹಿಡಿಸಿತು, ತಿದ್ದಲು ಹೋಗಲಿಲ್ಲ.

ಮೊದಲ ದಿನದ ಪಾಠ ಗಾಳಿಯದೇ ಆಗಿತ್ತು. ಗಾಳಿಯೂ ಒಂದು ಪದಾರ್ಥ, ಅದೂ ಜಾಗ ಹಿಡಿಯುತ್ತದೆ ಎಂದು ಹೇಳಬೇಕು. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿ ಕುಳಿತರು. ನಾನು ಬಾಯಿ ತೆರೆದೆ. 'ಗ' ಎಂದೆ. ಇನ್ನೊಮ್ಮೆ 'ಗ' ಎಂದೆ. ಅಷ್ಟೇ. ಹಿಂದಿನ ಬಾಕಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕೋಣೆಗೆ ಕೋಣೆಯೇ ನಕ್ಕಿತು. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆನೋ ಏನೋ. ನಾನು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದೆ. ಗಂಟೆ ಹೊಡೆಯುವವರೆಗೂ ಬರೆದೆ.

ಮುಂದೆ ಅದೇ ರೂಢಿಯಾಯಿತು. ನಾನು ಬರೆಯುವುದು, ಹುಡುಗರು ನೋಡಿಕೊಂಡು ಬರೆಯುವುದು. ಮುಂಬಯಿಯ ಸೀಸೆಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಒಂದು ದಿನ ವಾಮನರಾಯರು ಬಾಗಿಲಲ್ಲಿ ನಿಂತು ನೋಡಿ, ಕ್ಲಾಸು ಮುಗಿದ ಮೇಲೆ ನನ್ನನ್ನು ಕರೆದರು.

"ಪರಪ್ಪನವರ, ಹುಡುಗರ ಅಕ್ಷರ ಭಾಳ ಛಂದ ಆಗ್ಯಾವ."

ನಾನು ನಕ್ಕೆ.

"ಸಾಯನ್ಸ್ ಯಾವಾಗ ಸುರು ಮಾಡ್ತೀರಿ?"

ಆ ಮಾತು ನನಗೆ ನಾಟಿತು. ಮರುದಿನ ಅವ್ವನ ಬೋಗುಣಿಯನ್ನು ಬಗಲಲ್ಲಿಟ್ಟುಕೊಂಡು ಸಾಲೆಗೆ ಹೋದೆ. ಅಣ್ಣನಿಗೆ ಹೊಲಮನೆ ಒಪ್ಪಿಸಿ ಅವ್ವ ನನಗೆ ಅಡಿಗೆ ಮಾಡಿ ಹಾಕಲೆಂದು ಬೈಲಹೊಂಗಲಕ್ಕೆ ಬಂದಿದ್ದಳು. ಬೋಗುಣಿಯಲ್ಲಿ ನೀರು ತುಂಬಿಸಿ ಮೇಜಿನ ಮೇಲಿಟ್ಟೆ. ಗಾಜಿನ ಗ್ಲಾಸಿನ ತಳಕ್ಕೆ ಒಣ ಅರಿವೆಯ ಚೂರನ್ನು ತುರುಕಿದೆ. ಗ್ಲಾಸನ್ನು ಬೋರಲಾಗಿ ಹಿಡಿದು, ಹೇಳಬೇಕೆಂದಿದ್ದ ಮಾತು ಹೇಳಲು ಬಾಯಿ ತೆರೆದೆ. ಬಾಯಿಗೆ ಅಗಳಿ ಬಿತ್ತು. ಹುಡುಗರು ನಗಲು ಸಿದ್ಧರಾದರು. ಬಾಯಿ ಕಾಯುತ್ತ ನಿಂತಿತು, ಆದರೆ ಕೈ ಕಾಯಲಿಲ್ಲ. ಗ್ಲಾಸನ್ನು ನೆಟ್ಟಗೆ ನೀರಿನೊಳಗೆ ಒತ್ತಿದೆ, ಮುಳುಗಿಸಿದೆ, ಮತ್ತೆ ನೆಟ್ಟಗೆ ಮೇಲೆತ್ತಿದೆ. ಅರಿವೆಯನ್ನು ತೆಗೆದು ಮುಂದಿನ ಬಾಕಿನ ಹುಡುಗನ ಕೈಯಲ್ಲಿಟ್ಟೆ. ಅವನ ಹೆಸರು ಫಕೀರಪ್ಪ. ಮೊದಲ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು.

ಫಕೀರಪ್ಪ ಅರಿವೆಯನ್ನು ಹಿಂಡಿ ನೋಡಿದ. ಕೆನ್ನೆಗೆ ಒತ್ತಿ ನೋಡಿದ.

"ಒಣಗೇ ಐತ್ರಿ!"

"ಸುಳ್ಳ ಹೇಳಬ್ಯಾಡಲೇ" ಎಂದು ಹಿಂದಿನವರು ಎದ್ದು ಬಂದರು. ಅರಿವೆ ಕೈಯಿಂದ ಕೈಗೆ ಹೋಯಿತು.

"ನೀರಾಗ ಮುಳುಗೇತಿ, ತೊಯ್ದಿಲ್ಲ. ಯಾಕ್ರಿ ಸರ?"

ನನಗೆ ಹೇಳಲು ಬಾರದು. ಕೈ ಚಾಚಿ ಅವರ ಕಡೆಗೇ ತೋರಿಸಿದೆ. ಅಂದರೆ, ನೀವೇ ಹೇಳಿರಿ ಎಂದು.

ಆಗ ಸುರುವಾಯಿತು ನೋಡಿರಿ ಗದ್ದಲ. ನೀರು ಮೇಲೆ ಏರುವುದಿಲ್ಲ, ಅದಕ್ಕೇ ತೊಯ್ದಿಲ್ಲ ಎಂದ ಒಬ್ಬ. ಬಾವಿಯಲ್ಲಿ ಕೊಡ ತಾನಾಗಿ ತುಂಬುತ್ತದಲ್ಲ ಎಂದ ಇನ್ನೊಬ್ಬ. ಮಾಸ್ತರರು ಮಂತ್ರ ಹಾಕಿದ್ದಾರೆ, ಅದಕ್ಕೇ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ ಎಂದ ಮತ್ತೊಬ್ಬ.

"ಗ್ಲಾಸಿನ್ಯಾಗ ಏನೋ ಐತಲೇ, ಅದ ನೀರ ತಡದೈತಿ" ಎಂದ ಫಕೀರಪ್ಪ.

"ಏನ ಐತಿ? ಏನೂ ಇಲ್ಲ. ಕಣ್ಣಿಗೆ ಕಾಣತೈತಲ್ಲ."

"ಏನೂ ಇಲ್ಲಂದ್ರ ನೀರ ಯಾಕ ಹೊಗಲಿಲ್ಲ ಹೇಳ."

ಎಲ್ಲರೂ ನನ್ನ ಕಡೆ ನೋಡಿದರು. ಗ್ಲಾಸನ್ನು ಮತ್ತೆ ಮುಳುಗಿಸಿ ಈ ಸಲ ಮೆಲ್ಲಗೆ ಓರೆ ಮಾಡಿದೆ. ಬುಳಬುಳ ಗುಳ್ಳೆ ಎದ್ದವು.

"ಗಾಳಿ!" ಎಂದು ಚೀರಿದ ಫಕೀರಪ್ಪ. "ಗಾಳಿ ಐತ್ರಿ ಒಳಗ! ಅದು ಜಾಗಾ ಬಿಟ್ಟರ ನೀರ ಹೋಗತೈತಿ!"

ನಾನು ಎಷ್ಟೋ ದಿನ ಹೇಳಲಾರದೆ ಒದ್ದಾಡಿದ ಮಾತನ್ನು ಅವನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ನನಗೆ ಅವನನ್ನು ಎತ್ತಿಕೊಳ್ಳಬೇಕೆನಿಸಿತು. ಆದರೆ ಮೀಸೆ ಮೂಡತೊಡಗಿದ ಹುಡುಗ. ಹೆಗಲ ಮೇಲೆ ಕೈಯಿಟ್ಟೆ, ಅಷ್ಟೇ.

ಅಂದಿನಿಂದ ನಮ್ಮ ಕ್ಲಾಸಿನ ಕ್ರಮವೇ ಬದಲಾಯಿತು. ನಾನು ಮಾಡಿ ತೋರಿಸುವುದು, ಅವರು ಜಗಳಾಡುವುದು, ನಿಜ ಯಾವುದೆಂದು ಅವರವರೇ ಹಿಡಿಯುವುದು. ಕೇಳಲು ಸುಲಭ. ಆದರೆ ಇದನ್ನು ಕಲಿಯಲು ನನಗೆ ಪುಣೆಯಲ್ಲಿ ಓದಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ತಪ್ಪು ಉತ್ತರ ಬಂದಾಗ ಮುಖ ಗಂಟಿಕ್ಕಬಾರದು. ಅದರೊಳಗೂ ಹುಡುಗನ ಯೋಚನೆಯ ಎಳೆ ಇರುತ್ತದೆ. ಮಂತ್ರ ಎಂದವನ ಕೈಗೇ ಗ್ಲಾಸು ಕೊಟ್ಟು ನೀನೇ ಮುಳುಗಿಸು ಎನ್ನಬೇಕು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ, ಹುಡುಗರು ಮಾತ್ರ ಕನ್ನಡದಲ್ಲಿ. ಹಾಗಾಗಿ ಅವರ ಹೊಲಮನೆಯ ಶಬ್ದಗಳನ್ನೇ ಹೆಕ್ಕಿ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಕಠಿಣವೆಂದರೆ ಉತ್ತರ ತುದಿನಾಲಿಗೆಯ ಮೇಲಿದ್ದಾಗ ನುಂಗಿಕೊಂಡು ನಿಲ್ಲುವುದು. ಈ ಒಂದು ವಿಷಯದಲ್ಲಿ ಮಾತ್ರ ದೇವರು ನನಗೆ ಹುಟ್ಟಿನಿಂದಲೇ ತರಬೇತಿ ಕೊಟ್ಟಿದ್ದ.

ಎಲ್ಲ ಪ್ರಯೋಗವೂ ಸರಿಯಾಗುತ್ತಿತ್ತೆಂದು ತಿಳಿಯಬೇಡಿರಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ವಿದ್ಯುತ್ತಿನ ಪಾಠ ಹಿಡಿದೆ. ಗಾಜಿನ ಕೋಲನ್ನು ರೇಷ್ಮೆಯಿಂದ ಉಜ್ಜಿ ಕಾಗದದ ಚೂರುಗಳ ಸಮೀಪ ಹಿಡಿದರೆ ಅವು ಜಿಗಿದು ಅಂಟಿಕೊಳ್ಳಬೇಕು. ಗಾಳಿಯಲ್ಲಿ ತೇವ ಇದ್ದಾಗ ಅದು ಆಗುವುದಿಲ್ಲವೆಂದು ಪುಸ್ತಕದ ಮೂಲೆಯಲ್ಲಿ ಬರೆದಿತ್ತು. ನಾನು ಮೂಲೆ ಓದಿರಲಿಲ್ಲ. ಉಜ್ಜಿ ಉಜ್ಜಿ ತೋಳು ಸೋತಿತು. ಚೂರುಗಳು ಅಲುಗಲಿಲ್ಲ. ನನ್ನ ಮುಖ ನೋಡಿ ಹುಡುಗರಿಗೆ ಕನಿಕರ ಬಂದಿರಬೇಕು. ಇದ್ದಕ್ಕಿದ್ದಂತೆ ಒಂದು ಚೂರು ಪಟಕ್ಕೆಂದು ಹಾರಿತು, ಅದರ ಹಿಂದೆ ಇನ್ನೊಂದು. ನಾನು ಹಿಗ್ಗಿ ತಲೆಯೆತ್ತಿದೆ. ಮುಂದಿನ ಬಾಕಿನವರೆಲ್ಲ ತುಟಿ ಮುಂದೆ ಮಾಡಿ ಊದುತ್ತಿದ್ದರು! ನನ್ನ ಮಾನ ಉಳಿಸಲು ಅವರು ನಿಸರ್ಗದ ನಿಯಮವನ್ನೇ ತಿದ್ದಲು ಹೊರಟಿದ್ದರು. ಅಂದು ನಾವೆಲ್ಲ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಮೊದಲ ದಿನ ಅವರು ನಕ್ಕದ್ದು ನನ್ನನ್ನು ನೋಡಿ. ಅಂದು ನಕ್ಕದ್ದು ನನ್ನ ಜೊತೆ.

ಇತ್ತ ಮನೆಯಿಂದ ಒಂದೊಂದೇ ಪಾತ್ರೆ ಸಾಲೆಗೆ ಹೋಗುತ್ತಿತ್ತು. "ನಿಮ್ಮ ಸಾಲ್ಯಾಗ ಲಗ್ನ ಐತೇನೋ? ನನ್ನ ಭಾಂಡೆ ಎಲ್ಲಾ ಅಲ್ಲೇ ಸೇರ್ಯಾವಲ್ಲ" ಎಂದು ಅವ್ವ ಕೇಳುತ್ತಿದ್ದಳು. ಗಂಧಕದ ವಾಸನೆಯ ಅಂಗಿಯನ್ನು ಮನೆಯೊಳಗೆ ತರಗೊಡುತ್ತಿರಲಿಲ್ಲ.

ಇನಸ್ಪೆಕ್ಟರ ಸಾಹೇಬರು ಬರುವ ದಿನ ಗೊತ್ತಾಯಿತು. ವಾಮನರಾಯರ ಮುಖದ ಚಿಂತೆ ಇಮ್ಮಡಿಸಿತು. ಹಿಂದಿನ ಸಂಜೆ ನನ್ನನ್ನು ಒಂದು ಬದಿಗೆ ಕರೆದು, ದನಿ ತಗ್ಗಿಸಿ ಹೇಳಿದರು.

"ಸಾಹೇಬ್ರಿಗೆ ವ್ಯಾಖ್ಯಾನ ಬೇಕು. ನಾಳೆ ನಿಮಗ ಜ್ವರಾ ಬಂದ್ರ ನನ್ನದೇನೂ ಅಭ್ಯಂತರ ಇಲ್ಲ. ನಿಮ್ಮ ಪಾಠ ನಾ ತೊಗೋತೀನಿ."

ನನ್ನ ಮೇಲಿನ ಅಕ್ಕರೆಯಿಂದಲೇ ಅವರು ಹಾಗೆ ಹೇಳಿದ್ದು. ಮನೆಗೆ ಬಂದು ಅವ್ವನಿಗೆ ತಿಳಿಸಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರಾ ತಾನಾಗಿ ಬಂದ್ರ ಕಷಾಯ ಕೊಡತೇನಿ. ನೀನ ಕರದು ತಂದ್ರ ನನ್ನ ಹಂತ್ಯಾಕ ಔಷಧ ಇಲ್ಲಪಾ."

ಮರುದಿನ ಹೋದೆ. ಸಾಹೇಬರು ನಮ್ಮ ಕಡೆಯವರೇ, ಆದರೆ ಕೋಟು, ಬೂಟು, ಜರಿ ರುಮಾಲಿನಲ್ಲಿ ಬಹಳ ದೊಡ್ಡವರಾಗಿ ಕಾಣುತ್ತಿದ್ದರು. ಕುರ್ಚಿಯಲ್ಲಿ ಕುಳಿತು, "ನಿಮ್ಮ ಹೆಸರೇನ್ರಿ?" ಎಂದರು.

ಬೇರೆ ಯಾವ ಪ್ರಶ್ನೆಯೂ ಅವರಿಗೆ ಸಿಕ್ಕಿರಲಿಲ್ಲವೆ! "ಪ... ಪ..." ಎಂದು ನಿಂತೆ. ಹಿಂದಿನಿಂದ ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು: "ಪರಪ್ಪ ಮಾಸ್ತರ್ರೀ!"

"ನಾ ಕೇಳಿದ್ದು ಮಾಸ್ತರಿಗೆ" ಎಂದರು ಸಾಹೇಬರು. ವಾಮನರಾಯರು ಕಣ್ಣು ಮುಚ್ಚಿಕೊಂಡರು.

ಹುಡುಗರು ಹಿಂದೊಮ್ಮೆ ನೋಡಿದ್ದ ಪ್ರಯೋಗವನ್ನೇ ನಾನು ಸುರುಮಾಡಿದೆ. ತೊಳೆದಿಟ್ಟ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ತುಸು ನೀರು ಹಾಕಿ ಇದ್ದಲಿನ ಶಗಡಿಯ ಮೇಲಿಟ್ಟೆ. ನೀರು ಕುದಿದು ಬಾಯಿಯಿಂದ ಉಗಿ ಭುಸುಗುಟ್ಟಿತು. ಡಬ್ಬಿಯನ್ನು ಕೆಳಗಿಳಿಸಿ ಬಿರಡೆ ಜಡಿದು ಮೇಲೆ ತಣ್ಣೀರು ಸುರಿದೆ. ಇನ್ನು ಡಬ್ಬಿ ತಾನಾಗಿ ಮುದುಡಬೇಕು. ಮುದುಡಲಿಲ್ಲ. ಇನ್ನಷ್ಟು ತಣ್ಣೀರು ಸುರಿದೆ. ಡಬ್ಬಿ ನನ್ನ ಕಡೆಗೆ ನೋಡುತ್ತ ಗಟ್ಟಿಯಾಗಿ ನಿಂತೇ ಇತ್ತು. ಸಾಹೇಬರು ಗಡಿಯಾರ ತೆಗೆದರು.

"ಸಾಹೇಬ್ರ, ಒಂದೀಟ ತಡೀರಿ" ಎಂದು ಫಕೀರಪ್ಪ ಎದ್ದು ಬಂದು ಡಬ್ಬಿಯ ಬಾಯಿಗೆ ಕಿವಿ ಹಚ್ಚಿದ. "ಸುಂಯ್ ಅನ್ನಾಕ ಹತ್ತೇತಿ. ಬಿರಡಿ ಸಡ್ಲ ಐತ್ರಿ. ಹೊರಗಿನ ಗಾಳಿ ಒಳಗ ಹೊಂಟೈತಿ."

"ಎರಿ ಮಣ್ಣ ಮೆತ್ತೂಣು" ಎಂದ ಇನ್ನೊಬ್ಬ. ನಾನು ಹೂಂ ಎನ್ನುವುದರೊಳಗೆ ಅಂಗಳದಿಂದ ಜಿಗುಟಾದ ಕರಿಮಣ್ಣಿನ ಮುದ್ದೆ ಬಂತು. ಡಬ್ಬಿಯನ್ನು ಮತ್ತೆ ಶಗಡಿಗೇರಿಸಿದೆವು. ನೀರು ಕುದಿಯುವವರೆಗೆ ಸಾಹೇಬರು ಹುಡುಗರನ್ನು ಪ್ರಶ್ನಿಸತೊಡಗಿದರು.

"ಡಬ್ಬಿ ಯಾಕ ಮುದುಡ್ತದ? ಒಳಗಿಂದ ಏನೋ ಎಳೀತದ, ಹೌದಲ್ಲೋ?"

ಅದು ಬೇಕೆಂದೇ ಒಡ್ಡಿದ ಬಲೆ.

"ಅಲ್ರಿ" ಎಂದರು ನಾಲ್ಕಾರು ಮಂದಿ ಒಟ್ಟಿಗೆ. "ಒಳಗಿನ ಗಾಳಿ ಉಗಿ ಜೋಡಿ ಹೊರಗ ಹೋತ್ರಿ. ಆಮ್ಯಾಲ ಉಗಿ ತಣ್ಣಗಾಗಿ ನೀರ ಆತು. ಒಳಗ ಒತ್ತಾವ್ರ ಯಾರೂ ಉಳೀಲಿಲ್ಲ. ಹೊರಗಿನ ಗಾಳಿ ಒತ್ತತೈತ್ರಿ."

"ಇದನ್ನ ಮಾಸ್ತರು ಬಾಯಿಪಾಠ ಮಾಡಿಸ್ಯಾರೇನು?"

"ನಮ್ಮ ಮಾಸ್ತರು ಏನೂ ಹೇಳೂದಿಲ್ರಿ" ಎಂದ ಫಕೀರಪ್ಪ ಅಭಿಮಾನದಿಂದ. ವಾಮನರಾಯರು ಮತ್ತೆ ಕಣ್ಣು ಮುಚ್ಚಿದರು. "ನಾವ ನೋಡತೇವಿ, ನಾವ ಹೇಳತೇವಿ. ತಪ್ಪಾದ್ರ ಅವರು ಮತ್ತ ಮಾಡಿ ತೋರಸ್ತಾರ."

ಉಗಿ ಬಂತು. ಡಬ್ಬಿಯನ್ನಿಳಿಸಿ ಬಿರಡೆ ಜಡಿದು ಮಣ್ಣು ಮೆತ್ತಿ ತಣ್ಣೀರು ಸುರಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಢಬ್ಬೆಂದು ಸದ್ದು! ಕಾಣದ ಕೈಯೊಂದು ಹಿಸುಕಿದ ಹಾಗೆ ಡಬ್ಬಿ ಮುದುಡಿ ಬಿತ್ತು. ಸಾಹೇಬರು ಕುರ್ಚಿಯಿಂದ ಹಾರಿ ನಿಂತರು. ಜರಿ ರುಮಾಲು ಕಿವಿಯ ಮೇಲೆ ಜಾರಿತು. ನಗಬೇಕೋ ಬೇಡವೋ ಎಂದು ಹುಡುಗರು ತಡೆದುಕೊಂಡಿದ್ದರು. ಸಾಹೇಬರೇ ಮೊದಲು ನಕ್ಕುಬಿಟ್ಟರು.

ಕ್ಲಾಸು ಬಿಟ್ಟ ಮೇಲೆ ವಾಮನರಾಯರು ಕೈಮುಗಿದು, "ಮಾಸ್ತರಿಗೆ ಮಾತು ಸ್ವಲ್ಪ ಕಡಿಮಿ..." ಎಂದು ರಾಗ ಎಳೆದರು.

"ರಾಯರ, ನಾ ಊರೂರು ತಿರುಗತೀನಿ" ಎಂದರು ಸಾಹೇಬರು. "ಎಲ್ಲಾ ಕಡೆ ಮಾಸ್ತರು ಗಡಗಡ ಮಾತಾಡ್ತಾರ, ಹುಡುಗರು ಉಗ್ಗತಾರ. ಇಲ್ಲೆ ಉಲ್ಟಾ ಅದ. ಹಿಂಗ ಇರಲಿ ಬಿಡ್ರಿ."

ನಾನು ಮನೆಗೆ ಹೇಗೆ ಬಂದೆನೋ ತಿಳಿಯದು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅವ್ವ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. "ಏನಾತೋ?" ಎಂದಳು.

ಅವ್ವನಿಗೆ ಒಂದು ರೂಢಿಯಿತ್ತು. ನನ್ನ ಮಾತು ತಡೆದ ಕಡೆ ಉಳಿದದ್ದನ್ನು ತಾನೇ ಆಡಿಬಿಡುತ್ತಿದ್ದಳು. ನಾನು ಒದ್ದಾಡುವುದು ಅವಳಿಂದ ನೋಡಲಾಗುತ್ತಿರಲಿಲ್ಲ. ಹೀಗಾಗಿ ಹುಟ್ಟಿದಂದಿನಿಂದ ನನ್ನ ಅರ್ಧ ಮಾತು ಅವಳ ಬಾಯಿಂದಲೇ ಬಂದಿತ್ತು.

"ಸಾಹೇಬ್ರು ಹೂಂ ಅಂದ್ರು. ಕ..." ಎಂದೆ. ನಿಂತಿತು. "ಕ... ಕ..."

ಯಾವ ಶಬ್ದವೆಂದು ನನ್ನ ಮುಖ ನೋಡಿದ ಯಾರಿಗೂ ತಿಳಿಯುತ್ತಿತ್ತು. ಅವ್ವನ ತುಟಿ ಅಲುಗಿತು. ಅವಳು ಆಡಲಿಲ್ಲ. ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಹೊಗೆಯಾಡಿತು. ಅವಳು ಅತ್ತ ತಿರುಗಲಿಲ್ಲ.

"ಹೇಳಪಾ, ನಾ ಕುಂತೇನಿ" ಎಂದಳು.

"ಕಾಯಂ" ಎಂದೆ.

ಆ ಸಂಜೆ ನಾವಿಬ್ಬರೂ ಕರಕಲಾದ ರೊಟ್ಟಿಯನ್ನೇ ಹಂಚಿಕೊಂಡು ತಿಂದೆವು.